ವಿಮಾನಕ್ಕಿಂತ ಹೆಚ್ಚು ಬಲ್ಲ ಪೆಟ್ಟಿಗೆಗಳು

2006ರಲ್ಲಿ ಅಮೆರಿಕದ ಜಿಎಒ ಸಂಸ್ಥೆಯ ತನಿಖಾಧಿಕಾರಿಗಳು ಗುರುತು ಮರೆಸಿಕೊಂಡು ಖರೀದಿಗೆ ಹೊರಟರು. ಅಲ್ಲಿನ ಸಂಸತ್ತಿನ ಪರವಾಗಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ ಅದು. ಮಾರಾಟಕ್ಕಿದ್ದದ್ದು ತಮ್ಮದೇ ದೇಶದ ರಕ್ಷಣಾ ಇಲಾಖೆಯ ಮಾಲು. ಸೇನೆಗೆ ಬೇಡವಾದ ಸಾಮಾನುಗಳನ್ನು ಇಲಾಖೆಯ ಪರವಾಗಿ ಹರಾಜು ಹಾಕುವ ಗುತ್ತಿಗೆ ಕಂಪನಿಯ ಬಳಿ ಅವರು ಸಾಮಾನ್ಯ ಗಿರಾಕಿಗಳಂತೆ ಬೆಲೆ ಕೂಗಿದರು, ಹಣ ಕಟ್ಟಿದರು, ಮಾಲು ಪಡೆದರು. ಎಫ್-14 ಟಾಮ್‌ಕ್ಯಾಟ್ ಯುದ್ಧವಿಮಾನದಲ್ಲಿ ಬಳಕೆಯಾಗುವ 12 ಡಿಜಿಟಲ್ ಚಿಪ್‌ಗಳು, ಒಂದು ಫ್ರೀಕ್ವೆನ್ಸಿ ಕೌಂಟರ್, ಟ್ಯಾಂಕ್ ನಾಶಕ ವಾಹನದ ಮಸೂರಗಳು ಅವರ ಕೈಸೇರಿದವು. ಇವುಗಳ ಜೊತೆಗೆ, ಕ್ಷಿಪಣಿ ರೇಡಾರ್‌ಗೆ ಸಂಬಂಧಿಸಿದ ಎರಡು ಟೆಸ್ಟ್ ಸೆಟ್‌ಗಳೂ ಬಂದವು. ಅವುಗಳಲ್ಲಿ ಒಂದಾದರೂ ನೌಕಾಪಡೆಯ ವಿಮಾನಗಳು ಹೊತ್ತೊಯ್ಯುತ್ತಿದ್ದ ‘ವಾಲ್‌ಐ’ ಆಯುಧದ ಡೇಟಾ ಲಿಂಕ್ ಆಂಟೆನಾ ಸರಿಯಿದೆಯೇ ಎಂದು ನೋಡಲು ಬಳಸುತ್ತಿದ್ದದ್ದು.

ಆ ವರ್ಷದ ಜುಲೈನಲ್ಲಿ ಹೊರಬಂದ ವರದಿ ಇನ್ನೊಂದು ಲೆಕ್ಕವನ್ನೂ ಕೊಟ್ಟಿತು. 2005ರ ನವೆಂಬರ್‌ನಿಂದ 2006ರ ಜೂನ್‌ವರೆಗೆ ಕನಿಷ್ಠ 2,669 ಸೂಕ್ಷ್ಮ ಸೇನಾ ವಸ್ತುಗಳು 216 ವ್ಯವಹಾರಗಳಲ್ಲಿ 79 ಖರೀದಿದಾರರ ಕೈಗೆ ಹೋಗಿದ್ದವು. ಇವು ಕಳವಾಗಿರಲಿಲ್ಲ, ರಸೀದಿ ಸಮೇತ ಮಾರಾಟವಾಗಿದ್ದವು.

ಸುದ್ದಿಯಲ್ಲಿ ಎದ್ದು ಕಂಡದ್ದು ಎಫ್-14 ಎಂಬ ಹೆಸರು. ಟೆಸ್ಟ್ ಸೆಟ್‌ಗಳ ಬಗ್ಗೆ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. ವಿಮಾನ ಕಣ್ಣಿಗೆ ಬೀಳುತ್ತದೆ, ಆಕಾಶ ಸೀಳುತ್ತದೆ, ಗಣರಾಜ್ಯೋತ್ಸವದ ದಿನ ಮಕ್ಕಳಿಂದ ಚಪ್ಪಾಳೆ ಗಿಟ್ಟಿಸುತ್ತದೆ. ಅದರ ಒಳಗಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿ ತಪಾಸಣೆ ಮಾಡುವ ಬೂದು ಬಣ್ಣದ ಬೀರುಗಳು ವರ್ಕ್‌ಶಾಪಿನ ಒಳಕೋಣೆಯಲ್ಲಿ ಫ್ಯಾನಿನ ಸದ್ದು ಮಾಡುತ್ತಾ ನಿಂತಿರುತ್ತವೆ. ವಿಮಾನ ನಿವೃತ್ತಿಯಾದ ದಿನ ಭಾಷಣ, ನೀರಿನ ಫಿರಂಗಿ ಸಲ್ಯೂಟ್, ಫೋಟೊ ಎಲ್ಲ ಇರುತ್ತದೆ. ಈ ಬೀರುಗಳ ಪಾಲಿಗೆ ಉಳಿಯುವುದು ಸ್ಟೋರ್ಸ್ ವಿಭಾಗದ ಒಂದು ಅರ್ಜಿ ನಮೂನೆ. ಅಪಾಯ ಶುರುವಾಗುವುದು ಅಲ್ಲಿಂದಲೇ.

ಯುದ್ಧವಿಮಾನದ ದುರಸ್ತಿ ಸಾಮಾನ್ಯವಾಗಿ ಮೂರು ಹಂತದಲ್ಲಿ ನಡೆಯುತ್ತದೆ. ಮೊದಲನೆಯದು ವಿಮಾನ ನಿಂತ ಜಾಗದಲ್ಲೇ. ಪೈಲಟ್ ‘ರೇಡಾರ್ ಕೈಕೊಟ್ಟಿದೆ’ ಎಂದು ಬರೆದಿಟ್ಟರೆ, ತಂತ್ರಜ್ಞರು ದೋಷವಿರುವ ಪೆಟ್ಟಿಗೆಯನ್ನು ಹೊರಗೆಳೆದು ಇನ್ನೊಂದನ್ನು ತುರುಕಿ ವಿಮಾನವನ್ನು ಹಾರಲು ಬಿಡುತ್ತಾರೆ. ಎರಡನೆಯ ಹಂತ ಅದೇ ನೆಲೆಯ ಅಥವಾ ವಿಮಾನವಾಹಕ ಹಡಗಿನ ವರ್ಕ್‌ಶಾಪಿನದು. ಹೊರಗೆಳೆದ ಪೆಟ್ಟಿಗೆಯನ್ನು ಟೆಸ್ಟ್ ಬೆಂಚಿಗೆ ಜೋಡಿಸಿ, ಒಳಗಿನ ಯಾವ ಕಾರ್ಡು ಸತ್ತಿದೆ ಎಂದು ಪತ್ತೆ ಹಚ್ಚುವುದು ಇಲ್ಲಿ. ಮೂರನೆಯದು ದೊಡ್ಡ ಡಿಪೊ ಅಥವಾ ಕಾರ್ಖಾನೆ. ಅಲ್ಲಿ ಕಾರ್ಡಿನ ಮೇಲಿನ ಬಿಡಿ ಭಾಗವನ್ನೇ ಬೆಸುಗೆ ಬಿಚ್ಚಿ ಬದಲಿಸುತ್ತಾರೆ.

1970ರ ದಶಕದಲ್ಲಿ ಅಮೆರಿಕದ ನೌಕಾಪಡೆ ಎರಡನೆಯ ಹಂತಕ್ಕೆಂದು ‘ವ್ಯಾಸ್ಟ್’ ಎಂಬ ಕಂಪ್ಯೂಟರ್ ಚಾಲಿತ ವ್ಯವಸ್ಥೆಯನ್ನು ಹಡಗುಗಳಿಗೆ ತಂದಿತು. ಎಫ್-14, ಎಸ್-3 ವೈಕಿಂಗ್, ಇ-2ಸಿ ಹಾಕೈ ಮೂರೂ ವಿಮಾನಗಳ ಪೆಟ್ಟಿಗೆಗಳನ್ನು ಅದೇ ಪರೀಕ್ಷಿಸಬೇಕಿತ್ತು. ಆಳೆತ್ತರದ ರ್ಯಾಕುಗಳ ಸಾಲು, ಒಂದೊಂದರಲ್ಲೂ ಸಿಗ್ನಲ್ ಹುಟ್ಟಿಸುವ, ಅಳೆಯುವ, ವೋಲ್ಟೇಜ್ ಒದಗಿಸುವ ಉಪಕರಣಗಳು. ಮುಂದೆ 1990ರ ದಶಕದಲ್ಲಿ ‘ಕ್ಯಾಸ್’ ಎಂಬ ಹೊಸ ತಲೆಮಾರು ಬಂದು, ವ್ಯಾಸ್ಟ್ ಸೇರಿದಂತೆ ಬಗೆಬಗೆಯ ಹಳೆಯ ಟೆಸ್ಟರ್‌ಗಳನ್ನು ಮನೆಗೆ ಕಳಿಸಿತು. ಒಂದು ತಲೆಮಾರು ಹೋದಾಗ ಎಷ್ಟು ಕಾರ್ಡು, ಎಷ್ಟು ಕೇಬಲ್, ಎಷ್ಟು ಟೇಪು ಬಿಡುಗಡೆಯಾಗುತ್ತವೆ ಎಂದು ಊಹಿಸಿಕೊಳ್ಳಬಹುದು.

ಇಂಥ ಬೆಂಚಿನ ಜೊತೆ ಮೂರು ವಸ್ತುಗಳು ಸದಾ ಇರುತ್ತವೆ: ಪರೀಕ್ಷೆಯ ಪ್ರೋಗ್ರಾಂ, ಪೆಟ್ಟಿಗೆಯನ್ನು ಬೆಂಚಿಗೆ ಜೋಡಿಸುವ ಅಡಾಪ್ಟರ್, ಹಾಗೂ ಕೈಪಿಡಿ. ಬೆಂಚು ಎಲ್ಲಕ್ಕೂ ಸಾಮಾನ್ಯ, ಈ ಮೂರು ಮಾತ್ರ ಆಯಾ ಪೆಟ್ಟಿಗೆಗೆ ಮೀಸಲು. ಅಡಾಪ್ಟರಿನ ತಂತಿಗಳನ್ನು ಹಿಂಬಾಲಿಸಿದವನಿಗೆ ರೇಡಾರ್ ಪೆಟ್ಟಿಗೆಯ ಯಾವ ಪಿನ್‌ನಲ್ಲಿ ಯಾವ ಸಿಗ್ನಲ್ ಹರಿಯುತ್ತದೆ ಎಂಬುದು ತಿಳಿಯುತ್ತದೆ. ಪ್ರೋಗ್ರಾಂ ಓದಿದವನಿಗೆ, ಇಂತಿಷ್ಟು ಕ್ಷೀಣ ಸಿಗ್ನಲ್ ಕೊಟ್ಟಾಗ ರಿಸೀವರ್ ಅದನ್ನು ಹಿಡಿಯಬೇಕು, ಹಿಡಿಯದಿದ್ದರೆ ಫೇಲ್ ಎನ್ನುವ ಮಿತಿಗಳು ಸಿಗುತ್ತವೆ. ಅಂದರೆ ರೇಡಾರ್ ಎಷ್ಟು ದೂರ ನೋಡಬಲ್ಲದು, ಎಲ್ಲಿ ಕುರುಡಾಗುತ್ತದೆ ಎಂಬುದರ ಸುಳಿವು. ವಿಮಾನ ಸಿಕ್ಕವನ ಕೈಯಲ್ಲಿ ಪ್ರಶ್ನೆಪತ್ರಿಕೆ ಇದ್ದರೆ, ಟೆಸ್ಟ್ ಬೆಂಚು ಸಿಕ್ಕವನ ಕೈಯಲ್ಲಿ ಅದರ ಮಾದರಿ ಉತ್ತರಗಳ ಕಟ್ಟೇ ಇರುತ್ತದೆ.

ಈ ಪ್ರೋಗ್ರಾಂಗಳನ್ನು ಬರೆಯುವುದಕ್ಕೆಂದೇ 1960ರ ದಶಕದ ಕೊನೆಗೆ ‘ಅಟ್ಲಾಸ್’ ಎಂಬ ಭಾಷೆ ರೂಪುಗೊಂಡಿತ್ತು. ವಿಮಾನದ ಇಲೆಕ್ಟ್ರಾನಿಕ್ಸ್‌ಗಾಗಿ ಹುಟ್ಟಿ, ಬಳಿಕ ಎಲ್ಲ ಬಗೆಯ ವ್ಯವಸ್ಥೆಗಳಿಗೂ ಹರಡಿದ ಭಾಷೆ ಅದು. ಯಾವ ಯಂತ್ರದ ಮೇಲೆ ಪರೀಕ್ಷೆ ನಡೆದರೂ ಪರೀಕ್ಷೆಯ ಉದ್ದೇಶ ಓದುವವನಿಗೆ ಸ್ಪಷ್ಟವಾಗಿರಬೇಕು ಎಂಬುದು ಅದರ ಆಶಯ. ಒಳ್ಳೆಯ ಆಶಯವೇ. ಸ್ಪಷ್ಟವಾಗಿ ಬರೆದದ್ದನ್ನು ಎದುರಾಳಿಯೂ ಅಷ್ಟೇ ಸ್ಪಷ್ಟವಾಗಿ ಓದಬಲ್ಲ ಎಂಬುದು ಅದರ ಇನ್ನೊಂದು ಮುಖ.

ಇದಕ್ಕಿಂತ ಸೂಕ್ಷ್ಮವಾದದ್ದು ಇಲೆಕ್ಟ್ರಾನಿಕ್ ಯುದ್ಧದ ಟೆಸ್ಟರ್‌ಗಳ ವಿಷಯ. ಶತ್ರುವಿನ ರೇಡಾರ್ ತನ್ನ ಮೇಲೆ ಬಿದ್ದಾಗ ಪೈಲಟ್‌ಗೆ ಎಚ್ಚರಿಕೆ ಕೊಡುವ ರಿಸೀವರ್ ಒಂದು ವಿಮಾನದಲ್ಲಿರುತ್ತದೆ. ಅದು ಸರಿಯಿದೆಯೇ ಎಂದು ನೋಡಬೇಕಾದರೆ ಟೆಸ್ಟ್ ಸೆಟ್ ಶತ್ರು ರೇಡಾರಿನ ದನಿಯಲ್ಲೇ ಕೂಗಬೇಕು. ಹಾಗಾದರೆ ಆ ಟೆಸ್ಟ್ ಸೆಟ್ಟಿನ ನೆನಪಿನಲ್ಲಿ ಇರುವುದೇನು? ಶತ್ರುವಿನ ಬಗ್ಗೆ ಒಂದು ದೇಶ ವರ್ಷಗಟ್ಟಲೆ ಕಲೆಹಾಕಿದ ತಿಳಿವಳಿಕೆ. ಅದನ್ನು ಕಳೆದುಕೊಂಡರೆ, ನಮಗೆ ಏನು ಗೊತ್ತು ಮತ್ತು ಏನು ಗೊತ್ತಿಲ್ಲ ಎಂಬ ಎರಡೂ ಸಂಗತಿಗಳು ಎದುರಾಳಿಗೆ ತಲುಪುತ್ತವೆ.

ಟಾಮ್‌ಕ್ಯಾಟ್‌ನ ಬಿಡಿಭಾಗಗಳ ಮೇಲೆ ಅಮೆರಿಕ ಅಷ್ಟೊಂದು ಕಣ್ಣಿಟ್ಟದ್ದಕ್ಕೆ ಇರಾನ್ ಕಾರಣ. ಷಾ ಆಳ್ವಿಕೆಯಲ್ಲಿ ಇರಾನ್ 80 ಎಫ್-14ಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತ್ತು. 1979ರ ಕ್ರಾಂತಿಯ ಹೊತ್ತಿಗೆ 79 ತಲುಪಿದ್ದವು. ಏಕಕಾಲಕ್ಕೆ 24 ಗುರಿಗಳ ಜಾಡು ಹಿಡಿದು, ಆರರ ಮೇಲೆ ಫೀನಿಕ್ಸ್ ಕ್ಷಿಪಣಿ ಬಿಡಬಲ್ಲ ಎಡಬ್ಲ್ಯುಜಿ-9 ರೇಡಾರ್ ಅದರಲ್ಲಿತ್ತು. ಕ್ರಾಂತಿಯ ನಂತರ ಸ್ನೇಹ ಮುರಿಯಿತು, ಬಿಡಿಭಾಗಗಳ ಪೂರೈಕೆ ನಿಂತಿತು, ವಿಮಾನಗಳು ಉಳಿದವು. ಇರಾಕ್ ಜೊತೆಗಿನ ಯುದ್ಧದ ನಡುವೆ ಒಂದೊಂದು ಬಿಡಿಭಾಗಕ್ಕೂ ಬೆಲೆ ಬಂತು. 1985ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ನೌಕಾಪಡೆಯ ಸರಬರಾಜು ವ್ಯವಸ್ಥೆಯಿಂದಲೇ ಎಫ್-14 ಭಾಗಗಳನ್ನು ಕದ್ದು ಇರಾನ್‌ಗೆ ಸಾಗಿಸುತ್ತಿದ್ದ ಜಾಲವೊಂದು ಸಿಕ್ಕಿಬಿತ್ತು. ಹಾಗೆ ನೋಡಿದರೆ ಅಮೆರಿಕ, ಇರಾನ್ ಬಿಟ್ಟರೆ ಆ ವಿಮಾನ ಹಾರಿಸುವ ಇನ್ನೊಂದು ದೇಶ ಜಗತ್ತಿನಲ್ಲೇ ಇರಲಿಲ್ಲ. 2006ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ತನ್ನ ಟಾಮ್‌ಕ್ಯಾಟ್‌ಗಳಿಗೆ ವಿದಾಯ ಹೇಳಿದ ಮೇಲೆ, ಆ ಹಳೆಯ ಭಾಗಗಳಿಗೆ ಉಳಿದ ನಿಜವಾದ ಗಿರಾಕಿ ಇರಾನ್ ಒಂದೇ.

ವಿಷಯ ಗದ್ದಲವೆಬ್ಬಿಸಿದಾಗ, 2007ರ ಜನವರಿಯಲ್ಲಿ ಎಫ್-14 ಭಾಗಗಳ ಮಾರಾಟವನ್ನೆಲ್ಲ ತಡೆಹಿಡಿಯಲಾಗಿದೆ ಎಂದು ರಕ್ಷಣಾ ಇಲಾಖೆ ಘೋಷಿಸಿತು. ಮರುತಿಂಗಳೇ, ಅಂದರೆ ಫೆಬ್ರುವರಿಯಲ್ಲಿ, ಸುಮಾರು 1,400 ಭಾಗಗಳು ಸಾರ್ವಜನಿಕರ ಪಾಲಾದವು. ಜಿಎಒ ಅದನ್ನೂ ಪತ್ತೆಹಚ್ಚಿತು. ಆ ವರ್ಷವೇ ಅರಿಜೋನಾದ ಡೇವಿಸ್-ಮಾಂಥನ್ ವಾಯುನೆಲೆಯಲ್ಲಿ ನಿಂತಿದ್ದ ಟಾಮ್‌ಕ್ಯಾಟ್‌ಗಳನ್ನು ಯಂತ್ರದ ಬಾಯಿಗೆ ಕೊಟ್ಟು ಚೂರುಚೂರು ಮಾಡುವ ಕೆಲಸ ನಡೆಯಿತು. 2008ರ ಜನವರಿಯಲ್ಲಿ ಕಾನೂನೇ ಬಂತು: ಎಫ್-14ರ ಭಾಗಗಳನ್ನು ರಕ್ಷಣಾ ಇಲಾಖೆ ಮಾರುವಂತಿಲ್ಲ, ಆ ವಿಮಾನವನ್ನು ಚರಿತ್ರೆಗಾಗಿ ಉಳಿಸುವ ದೇಶದೊಳಗಿನ ಮ್ಯೂಸಿಯಂಗಳಿಗೆ ಮಾತ್ರ ವಿನಾಯಿತಿ.

ತಡೆ ಹಾಕಿದ ಮರುತಿಂಗಳೇ ತಡೆ ಮುರಿದದ್ದು ಹೇಗೆ? ಯಾರೋ ದ್ರೋಹ ಮಾಡಿದ್ದರಿಂದಲ್ಲ. ನಿಯಂತ್ರಣ ಪಟ್ಟಿಯನ್ನು ಸಕಾಲಕ್ಕೆ ತಿದ್ದದೆ ಬಿಟ್ಟದ್ದರಿಂದ. ಈ ಇಡೀ ವಿಷಯದ ನಡುಗಂಬ ಕ್ರೋಢೀಕರಣ ಪಟ್ಟಿ, ಅಂದರೆ ಕ್ಯಾಟಲಾಗ್. ಸುತ್ತಿಗೆ, ಗ್ಯಾಸ್ ಕಟರ್, ಶ್ರೆಡ್ಡರ್‌ಗಳ ಸರದಿ ಬರುವುದು ಅದರ ನಂತರ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಭೂಸೇನೆ, ನೌಕಾಪಡೆ, ವಾಯುದಳಗಳು ಒಂದೇ ಬೇರಿಂಗಿಗೆ, ಒಂದೇ ವಾಲ್ವ್‌ಗೆ ಬೇರೆ ಬೇರೆ ಹೆಸರು ಮತ್ತು ಸಂಖ್ಯೆ ಇಟ್ಟಿದ್ದವು. ಒಂದರ ಉಗ್ರಾಣದಲ್ಲಿ ತುಂಬಿತುಳುಕುತ್ತಿದ್ದ ಸಾಮಾನು ಇನ್ನೊಂದರಲ್ಲಿ ಇಲ್ಲವೆಂದು ಹೊಸದಾಗಿ ಖರೀದಿಯಾಗುತ್ತಿತ್ತು. 1952ರಲ್ಲಿ ಇದಕ್ಕೆಂದೇ ಕಾನೂನು ಮಾಡಿ, ಒಂದು ವಸ್ತುವಿಗೆ ಒಂದೇ ಹೆಸರು, ಒಂದೇ ಸಂಖ್ಯೆ ಎಂಬ ನಿಯಮ ತರಲಾಯಿತು. ಮೊದಲು 11 ಅಂಕಿಗಳಿದ್ದ ಆ ಸಂಖ್ಯೆಗೆ 1974ರಲ್ಲಿ ದೇಶದ ಸಂಕೇತದ ಎರಡು ಅಂಕಿ ಸೇರಿ 13 ಆಯಿತು. ಮೊದಲ ನಾಲ್ಕು ಅಂಕಿ ವಸ್ತುವಿನ ವರ್ಗ, ನಂತರದ ಎರಡು ಅದನ್ನು ನೋಂದಾಯಿಸಿದ ದೇಶ, ಕೊನೆಯ ಏಳು ಆ ವಸ್ತುವಿನದೇ ಕ್ರಮಸಂಖ್ಯೆ. ಬ್ರಿಟನ್ನಿಗೆ 99, ಜರ್ಮನಿಗೆ 12, ಫ್ರಾನ್ಸಿಗೆ 14. ಇಂದು ನಾಟೋ ಕೂಟದ ಆಚೆಗೂ ಹರಡಿರುವ ಈ ಪದ್ಧತಿಯಲ್ಲಿ ಭಾರತವೂ ಪಾಲುದಾರ. ನಮ್ಮಲ್ಲಿ ಈ ಹೊಣೆ ರಕ್ಷಣಾ ಸಚಿವಾಲಯದ ಪ್ರಮಾಣೀಕರಣ ನಿರ್ದೇಶನಾಲಯದ್ದು, ಬೆಂಗಳೂರಿನಲ್ಲೂ ಅದರ ಘಟಕವಿದೆ.

ವರ್ಗಸಂಖ್ಯೆಗಳನ್ನು ಬಲ್ಲವನಿಗೆ ಗುಜರಿಯ ರಾಶಿಯೂ ಮಾತಾಡುತ್ತದೆ. 6625ರಿಂದ ಶುರುವಾದರೆ ಅದು ವಿದ್ಯುತ್ ಮತ್ತು ಇಲೆಕ್ಟ್ರಾನಿಕ್ ಅಳತೆಯ ಉಪಕರಣ. 4920 ಎಂದಿದ್ದರೆ ವಿಮಾನ ದುರಸ್ತಿಗೆಂದೇ ಮಾಡಿದ ವರ್ಕ್‌ಶಾಪ್ ಸಲಕರಣೆ. 4935 ಎಂದಿದ್ದರೆ ಕ್ಷಿಪಣಿಗಳ ತಪಾಸಣೆ ಮತ್ತು ದುರಸ್ತಿಯದ್ದು, ಅದನ್ನು ಕಂಡ ಕೂಡಲೇ ಕೈ ಹಿಂದೆಳೆದು ಮೇಲಧಿಕಾರಿಯನ್ನು ಕರೆಯಬೇಕು. 5962 ಎಂದರೆ ಚಿಪ್. ಸಾಮಾನ್ಯ ವೋಲ್ಟ್‌ಮೀಟರೂ 6625, ಗುಪ್ತ ತರಂಗಾಂತರಗಳನ್ನು ಅಳೆಯುವ ಮೀಟರೂ 6625 ಆಗಿರಬಹುದು. ಹಾಗಾಗಿ ವರ್ಗ ಒಂದೇ ಸಾಲದು, ಪ್ರತಿ ವಸ್ತುವಿಗೂ ಅದನ್ನು ಹೇಗೆ ವಿಲೇವಾರಿ ಮಾಡಬೇಕೆಂಬ ಒಂದಕ್ಷರದ ಸಂಕೇತ ಬೇಕು.

ಅಮೆರಿಕದಲ್ಲಿ ಅದನ್ನು ‘ಡಿಮಿಲ್ ಕೋಡ್’ ಎನ್ನುತ್ತಾರೆ. ‘ಎ’ ಎಂದಿದ್ದರೆ ಯಾವ ಭಯವೂ ಇಲ್ಲ, ಹಾಗೇ ಮಾರಬಹುದು. ‘ಸಿ’ ಎಂದಿದ್ದರೆ ಆಯಕಟ್ಟಿನ ಭಾಗಗಳನ್ನು ಮಾತ್ರ ಕಿತ್ತು ನಾಶಮಾಡಬೇಕು. ‘ಡಿ’ ಎಂದರೆ ಪೂರ್ತಿ ನಾಶ, ಮತ್ತೆ ಜೋಡಿಸಲು, ನೋಡಿ ನಕಲು ಮಾಡಲು ಆಗದ ಹಾಗೆ. ‘ಎಫ್’ ಇದ್ದರೆ ವಿಶೇಷ ಸೂಚನೆ ತರಿಸಿಕೊಂಡು ಓದಬೇಕು, ‘ಜಿ’ ಇದ್ದರೆ ಸ್ಫೋಟಕ. ಒಂದೇ ಒಂದು ಅಕ್ಷರ. ‘ಡಿ’ ಇರಬೇಕಾದಲ್ಲಿ ‘ಎ’ ಬಿದ್ದರೆ ಜಿಎಒ ಅಧಿಕಾರಿಗಳಂತೆ ಯಾರು ಬೇಕಾದರೂ ಬಂದು ಕೊಂಡು ಹೋಗುತ್ತಾರೆ. ‘ಎ’ ಇರಬೇಕಾದಲ್ಲಿ ‘ಡಿ’ ಬಿದ್ದರೆ ಶಾಲೆಯೊಂದರ ಪ್ರಯೋಗಾಲಯದಲ್ಲಿ ಹತ್ತು ವರ್ಷ ದುಡಿಯಬಹುದಾಗಿದ್ದ ಆಸಿಲೋಸ್ಕೋಪ್ ಹಾರೆಯೇಟಿಗೆ ಬಲಿಯಾಗುತ್ತದೆ.

ಎರಡನೆಯದು ಕಡಿಮೆ ನಷ್ಟವೇನಲ್ಲ. 2005ರಲ್ಲಿ ಅದೇ ಜಿಎಒ ಕೊಟ್ಟ ವರದಿ ಓದಿದರೆ ಹೊಟ್ಟೆ ಉರಿಯುತ್ತದೆ. 2002ರಿಂದ 2004ರ ಆರ್ಥಿಕ ವರ್ಷಗಳಲ್ಲಿ ರಕ್ಷಣಾ ಇಲಾಖೆ ವಿಲೇವಾರಿ ಮಾಡಿದ ಹೆಚ್ಚುವರಿ ಸಾಮಾನಿನಲ್ಲಿ ಸುಮಾರು 400 ಕೋಟಿ ಡಾಲರ್ ಮೌಲ್ಯದ್ದು ಹೊಸದು, ಬಳಸದೇ ಇದ್ದದ್ದು ಅಥವಾ ಅತ್ಯುತ್ತಮ ಸ್ಥಿತಿಯಲ್ಲಿದ್ದದ್ದು. ಅದರಲ್ಲಿ ಮರುಬಳಕೆಯಾದದ್ದು ಶೇ 12ರಷ್ಟು ಮಾತ್ರ. ಒಂದು ಬಾಗಿಲಿನಿಂದ ಬಿಸಾಡಿದ ಸಾಮಾನನ್ನೇ ಇನ್ನೊಂದು ಬಾಗಿಲಿನಿಂದ ಹೊಸದಾಗಿ ಕೊಂಡು ತಂದ ಉದಾಹರಣೆಗಳೂ ಸಿಕ್ಕವು. ಸೋರಿಕೆ ಮತ್ತು ಪೋಲು ಎರಡಕ್ಕೂ ಮೂಲ ಒಂದೇ: ಏನಿದೆ ಎಂದು ಸರಿಯಾಗಿ ಬರೆದಿಡದೇ ಹೋದದ್ದು.

ಸೋರಿಕೆಯ ಇನ್ನೊಂದು ದಾರಿ ‘ಲಾಟ್’. ಒಂದೊಂದೇ ಸಣ್ಣ ಭಾಗವನ್ನು ಪ್ರತ್ಯೇಕವಾಗಿ ದಾಖಲಿಸಲು ಬೇಸರಪಟ್ಟು, ಒಂದಷ್ಟನ್ನು ಡಬ್ಬಿಗೆ ತುಂಬಿ ಒಂದೇ ಚೀಟಿ ಅಂಟಿಸುತ್ತಾರೆ. ‘ಇಲೆಕ್ಟ್ರಾನಿಕ್ ಬಿಡಿಭಾಗಗಳು, ಒಂದು ಪೆಟ್ಟಿಗೆ’. ಆ ಚೀಟಿಯ ಅಡಿಯಲ್ಲಿ ಸಾಮಾನ್ಯ ರೆಸಿಸ್ಟರ್ ಪಕ್ಕದಲ್ಲೇ ರೇಡಾರ್ ಕಾರ್ಡೊಂದು ಕೂತಿದ್ದರೆ ಕಂಡುಹಿಡಿಯುವವರು ಯಾರು? ಜಿಎಒ ವರದಿಗಳು ಈ ಲಾಟ್ ಪದ್ಧತಿಯನ್ನು ಬೊಟ್ಟುಮಾಡಿ ತೋರಿಸಿವೆ.

ಹಾಗಾದರೆ ಟೆಸ್ಟ್ ಬೆಂಚೊಂದನ್ನು ಬಿಚ್ಚುವ ಕೆಲಸ ಸರಿಯಾಗಿ ನಡೆಯುವುದು ಹೇಗೆ?

ಮೊದಲು ಸ್ಕ್ರೂಡ್ರೈವರ್ ಮುಟ್ಟದೆ ಫೋಟೊ ತೆಗೆಯಬೇಕು. ರ್ಯಾಕಿನ ಮುಂಭಾಗ, ಹಿಂಭಾಗ, ಒಳಗಿನ ಕೇಬಲ್‌ಗಳ ಓಟ. ನಾಮಫಲಕದ ಮೇಲಿನ ಸಂಖ್ಯೆ, ತಯಾರಕರ ಸಂಕೇತ, ಸೀರಿಯಲ್ ನಂಬರು, ಕಾಲಕಾಲಕ್ಕೆ ಆದ ಮಾರ್ಪಾಡುಗಳ ಗುರುತು, ಕೊನೆಯ ಕ್ಯಾಲಿಬ್ರೇಷನ್ ಚೀಟಿ ಎಲ್ಲ ದಾಖಲಾಗಬೇಕು. ಆಮೇಲೆ ಒಂದೊಂದು ಕಾರ್ಡನ್ನು ಯಾವ ಸ್ಲಾಟಿನಿಂದ ಎಳೆದದ್ದು ಎಂದು ಬರೆದು ಗುರುತುಚೀಟಿ ಕಟ್ಟಬೇಕು. ದೀರ್ಘಕಾಲ ಬಳಕೆಯಲ್ಲಿದ್ದ ಬೆಂಚಿನಲ್ಲಿ ಕೈಪಿಡಿ ಹೇಳುವುದಕ್ಕೂ ಒಳಗಿರುವುದಕ್ಕೂ ತಾಳೆಯಾಗದಿರುವುದು ಸಾಮಾನ್ಯ. ಯಾವುದೋ ವರ್ಷ ಒಂದು ಕಾರ್ಡು ಸಿಗದೆ ಬೇರೊಂದನ್ನು ಹಾಕಿರುತ್ತಾರೆ, ಒಂದು ಜಂಪರ್ ತಂತಿ ಸೇರಿಸಿರುತ್ತಾರೆ. ಕೈಪಿಡಿಯನ್ನು ನಂಬಿ ಪಟ್ಟಿ ಮಾಡಿದರೆ ಇಲ್ಲದ ವಸ್ತು ಪಟ್ಟಿಗೆ ಸೇರಿ, ಇರುವ ವಸ್ತು ತಪ್ಪಿಹೋಗುತ್ತದೆ. ಕಣ್ಣಿನಿಂದ ನೋಡಿಯೇ ಬರೆಯಬೇಕು.

ಪ್ಲಗ್ ಕಿತ್ತ ಮಾತ್ರಕ್ಕೆ ವಿದ್ಯುತ್ ಹೋಯಿತೆಂದು ತಿಳಿಯಬಾರದು. ರೇಡಾರ್ ಟ್ರಾನ್ಸ್‌ಮಿಟರ್‌ಗಳಿಗೆ ಸಂಬಂಧಿಸಿದ ಟೆಸ್ಟರ್‌ಗಳಲ್ಲಿ ಕಿಲೊವೋಲ್ಟ್ ಮಟ್ಟದ ಕೆಪಾಸಿಟರ್‌ಗಳಿರುತ್ತವೆ. ಒಮ್ಮೆ ಖಾಲಿ ಮಾಡಿದರೂ ಒಳಗಿನ ನಿರೋಧಕ ಪದರದಲ್ಲಿ ಅಡಗಿದ್ದ ವಿದ್ಯುತ್ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಲೆಯೆತ್ತುತ್ತದೆ. ಅರ್ಥ್ ಮಾಡುವ ಕೋಲಿನಿಂದ ಖಾಲಿ ಮಾಡಿ, ಎರಡು ತುದಿಗಳನ್ನೂ ತಂತಿಯಿಂದ ಕಟ್ಟಿಡುವುದು ಇದಕ್ಕಾಗಿಯೇ.

ಇದರ ಮುಂದಿನ ಸಂಗತಿ ಹೊರಗಿನವರಿಗೆ ಅಷ್ಟಾಗಿ ತಿಳಿಯದ್ದು, ಆದರೆ ಈ ಕೆಲಸದಲ್ಲಿ ಜೀವ ಉಳಿಸುವುದು ಅದೇ. ಹೆಚ್ಚು ಶಕ್ತಿಯ ರೇಡಿಯೊ ಟ್ರಾನ್ಸಿಸ್ಟರ್ ಮತ್ತು ಮೈಕ್ರೋವೇವ್ ಟ್ಯೂಬುಗಳಲ್ಲಿ ಬಿಳಿಯ ಪಿಂಗಾಣಿಯಂಥ ತುಂಡೊಂದು ಇರುತ್ತದೆ. ಕೆಲವಲ್ಲಿ ಅದು ಬೆರಿಲಿಯಂ ಆಕ್ಸೈಡ್. ಶಾಖವನ್ನು ಲೋಹದಷ್ಟೇ ಚೆನ್ನಾಗಿ ಸಾಗಿಸಿ, ವಿದ್ಯುತ್ತನ್ನು ತಡೆಯುವ ಅಪರೂಪದ ವಸ್ತು. ಇಡಿಯಾಗಿದ್ದಾಗ ನಿರುಪದ್ರವಿ. ಒಡೆದು ಪುಡಿಯಾದರೆ, ಆ ಧೂಳು ಶ್ವಾಸಕೋಶ ಸೇರಿ ಗುಣವಾಗದ ಕಾಯಿಲೆ ತರಬಲ್ಲದು. ಹಳೆಯ ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್‌ಗಳ ಎಣ್ಣೆಯಲ್ಲಿ ಪಿಸಿಬಿ ಎಂಬ ನಂಜು, ರಿಲೇಗಳಲ್ಲಿ ಪಾದರಸ, ಕನೆಕ್ಟರ್ ಮತ್ತು ಸ್ಕ್ರೂಗಳ ಮೇಲೆ ಕ್ಯಾಡ್ಮಿಯಂ ಲೇಪ, ಮೀಟರಿನ ಮುಳ್ಳುಗಳಿಗೆ ಕತ್ತಲಲ್ಲಿ ಹೊಳೆಯಲೆಂದು ಬಳಿದ ರೇಡಿಯಂ, ಕೆಲವು ಸ್ಪಾರ್ಕ್ ಗ್ಯಾಪ್ ಟ್ಯೂಬುಗಳೊಳಗೆ ಚಿಟಿಕೆಯಷ್ಟು ವಿಕಿರಣಶೀಲ ಧಾತು. ‘ನಾಶ ಮಾಡಿ’ ಎಂಬ ಆದೇಶ ಹಿಡಿದು ಇಡೀ ರ್ಯಾಕನ್ನು ಶ್ರೆಡ್ಡರಿಗೆ ತಳ್ಳಿದರೆ ರಹಸ್ಯ ಉಳಿಯಬಹುದು, ಯಂತ್ರದ ಪಕ್ಕ ನಿಂತ ಕಾರ್ಮಿಕನ ಶ್ವಾಸಕೋಶ ಉಳಿಯುವುದಿಲ್ಲ. ಪಟ್ಟಿ ಮೊದಲು, ಹೊಡೆತ ಆಮೇಲೆ ಎಂಬ ಕ್ರಮಕ್ಕೆ ದೇಶದ ಭದ್ರತೆಯಷ್ಟೇ ಬಲವಾದ ಕಾರಣ ಆ ಕಾರ್ಮಿಕ.

ನೆನಪಿನ ಭಾಗಗಳದ್ದು ಬೇರೆಯೇ ಅಧ್ಯಾಯ. ಕೆಲವು ಕರೆಂಟು ಹೋದ ಕೂಡಲೇ ಎಲ್ಲ ಮರೆಯುತ್ತವೆ, ಕೆಲವು ಎಂದಿಗೂ ಮರೆಯುವುದಿಲ್ಲ. ಹಳೆಯ ಕಂಪ್ಯೂಟರ್‌ಗಳ ಕೋರ್ ಮೆಮೊರಿಯಲ್ಲಿ ಸಾಸಿವೆಯಂಥ ಫೆರೈಟ್ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿರುತ್ತಾರೆ. ಅದು ಕಾಂತತ್ವದಿಂದ ನೆನಪಿಡುವುದರಿಂದ, ದಶಕಗಳ ಕಾಲ ಮೂಲೆಯಲ್ಲಿ ಬಿದ್ದಿದ್ದರೂ ಕೊನೆಯ ಪರೀಕ್ಷೆಯ ಅಂಕಿಗಳು ಅದರಲ್ಲಿ ಇದ್ದೇ ಇರಬಹುದು. ಕಿಟಕಿಯಿರುವ ಹಳೆಯ ಇಪ್ರಾಂ ಚಿಪ್ ಅಲ್ಟ್ರಾವಯಲೆಟ್ ಬೆಳಕಿಗೆ ಅಳಿಯುತ್ತದೆ. ಹಾರ್ಡ್ ಡಿಸ್ಕನ್ನು ಬಲವಾದ ಕಾಂತಕ್ಷೇತ್ರಕ್ಕೆ ಒಡ್ಡಿ ಅಳಿಸಬಹುದು, ಅದೇ ಉಪಾಯ ಫ್ಲ್ಯಾಷ್ ಚಿಪ್‌ಗೆ ನಾಟುವುದೇ ಇಲ್ಲ, ಏಕೆಂದರೆ ಅದು ನೆನಪಿಡುವುದು ವಿದ್ಯುದಾವೇಶದಿಂದ. ಗುಪ್ತ ಮಾಹಿತಿಯಿರುವ ಇಂಥ ಚಿಪ್‌ಗಳನ್ನು 2 ಮಿಲಿಮೀಟರ್ ಗಾತ್ರಕ್ಕೆ ಪುಡಿಮಾಡಬೇಕೆಂದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಹೇಳುತ್ತದೆ. ಡ್ರಿಲ್ಲಿನಿಂದ ಒಂದು ತೂತು ಕೊರೆದು ‘ಆಯ್ತು’ ಎನ್ನುವವರನ್ನು ಈ ಕೆಲಸದಿಂದ ದೂರವಿಡಬೇಕು.

ನಾಶವಾದ ಮೇಲೆ ಸಹಿ. ಅಮೆರಿಕದ ಪದ್ಧತಿಯಲ್ಲಿ ಎರಡು ಸಹಿ ಬೇಕು. ಮಾಡಿದ್ದೇನೆ ಎನ್ನುವವರದ್ದು ಒಂದು, ಕಣ್ಣಾರೆ ಕಂಡಿದ್ದೇನೆ ಎನ್ನುವವರದ್ದು ಇನ್ನೊಂದು. ನಾಶಕ್ಕೆ ಸಾಕ್ಷಿ ಬೇಕೆಂಬ ಈ ತತ್ತ್ವದ ದೊಡ್ಡ ರೂಪವನ್ನು 1990ರ ದಶಕದ ಅರಿಜೋನಾ ಕಂಡಿತು. ರಷ್ಯಾದೊಂದಿಗಿನ ಸ್ಟಾರ್ಟ್ ಒಪ್ಪಂದದಂತೆ 365 ಬಿ-52 ಬಾಂಬರ್‌ಗಳನ್ನು ನಾಶ ಮಾಡಬೇಕಿತ್ತು. ಕ್ರೇನಿನಿಂದ ಸುಮಾರು 13,000 ಪೌಂಡ್ ತೂಕದ ಅಲಗನ್ನು ಬೀಳಿಸಿ ರೆಕ್ಕೆ, ಬಾಲ, ಒಡಲುಗಳನ್ನು ತುಂಡರಿಸಿ, ಆ ತುಂಡುಗಳನ್ನು ರಷ್ಯಾದ ಉಪಗ್ರಹಗಳು ನೋಡಿ ಖಾತ್ರಿ ಮಾಡಿಕೊಳ್ಳಲೆಂದು ತಿಂಗಳುಗಟ್ಟಲೆ ಬಯಲಿನಲ್ಲೇ ಬಿಟ್ಟರು. ಟೆಸ್ಟ್ ಬೆಂಚಿನ ಕಾರ್ಡಿಗೆ ಉಪಗ್ರಹ ಬೇಡ, ಒಬ್ಬ ಪ್ರಾಮಾಣಿಕ ಸಾಕ್ಷಿ ಸಾಕು.

ಅರೆಬರೆ ನಾಶದ ಫಲ ಮರಳಿ ನಮ್ಮ ವಿಮಾನಗಳೊಳಗೇ ಬರುವ ಅಪಾಯವೂ ಇದೆ. 2012ರಲ್ಲಿ ಅಮೆರಿಕದ ಸೆನೆಟ್‌ನ ಸಶಸ್ತ್ರಪಡೆಗಳ ಸಮಿತಿ ನಕಲಿ ಇಲೆಕ್ಟ್ರಾನಿಕ್ ಭಾಗಗಳ ಬಗ್ಗೆ ವರದಿ ಕೊಟ್ಟಿತು. ಸುಮಾರು 1,800 ಪ್ರಕರಣಗಳು, ಹತ್ತು ಲಕ್ಷಕ್ಕೂ ಹೆಚ್ಚು ಶಂಕಿತ ಭಾಗಗಳು. ಹಳೆಯ ಬೋರ್ಡುಗಳಿಂದ ಚಿಪ್‌ಗಳನ್ನು ಕಾಯಿಸಿ ಕಿತ್ತು, ಮೇಲಿನ ಅಕ್ಷರಗಳನ್ನು ಉಜ್ಜಿ ಅಳಿಸಿ, ಹೊಸ ದಿನಾಂಕ ಮುದ್ರಿಸಿ ಹೊಸದೆಂದು ಮಾರುವ ಜಾಲದ ಬೇರು ಹೆಚ್ಚಾಗಿ ಚೀನಾದಲ್ಲಿತ್ತು. ಶಂಕಿತ ಭಾಗಗಳು ಪತ್ತೆಯಾದ ವಿಮಾನಗಳಲ್ಲಿ ಸಿ-130ಜೆ ಮತ್ತು ಪಿ-8ಎ ಸೇರಿದ್ದವು. ಸಿ-130ಜೆ ಮತ್ತು ಪಿ-8ರ ಭಾರತೀಯ ಆವೃತ್ತಿಗಳನ್ನು ನಮ್ಮ ವಾಯುಪಡೆ, ನೌಕಾಪಡೆಗಳೂ ಹಾರಿಸುತ್ತವೆ. ಗುಜರಿಗೆ ಹೋದ ಚಿಪ್ಪನ್ನು ಮತ್ತೆ ಬಳಸಲಾಗದಂತೆ ಹಾಳುಮಾಡಿ, ಅದರ ಸಂಖ್ಯೆಯನ್ನು ‘ನಾಶವಾಗಿದೆ’ ಎಂದು ದಾಖಲಿಸಿದ್ದರೆ, ಅದೇ ಸಂಖ್ಯೆ ಮತ್ತೆ ಬಾಗಿಲು ತಟ್ಟಿದಾಗ ತಡೆಯಲು ಒಂದು ಆಧಾರವಿರುತ್ತದೆ.

ನಾಶವೇ ಎಲ್ಲಕ್ಕೂ ಮದ್ದೂ ಅಲ್ಲ. ಎಫ್-14ರ ಒಳಗೇ ಇದ್ದ ಒಂದು ಕಥೆ ಕೇಳಿ. ವೇಗ, ಎತ್ತರಗಳನ್ನು ಲೆಕ್ಕಹಾಕಿ ವಿಮಾನದ ಚಲಿಸುವ ರೆಕ್ಕೆಗಳನ್ನು ಹೊಂದಿಸುವ ಗಣಕಕ್ಕಾಗಿ ರೇ ಹೋಲ್ಟ್ ಮತ್ತು ಸ್ಟೀವ್ ಗೆಲ್ಲರ್ ನೇತೃತ್ವದ ತಂಡ 1970ರಲ್ಲೇ ಎಂಪಿ944 ಎಂಬ ಚಿಪ್‌ಗಳ ಗುಂಪನ್ನು ಸಿದ್ಧಪಡಿಸಿತ್ತು. ಇಂಟೆಲ್‌ನ 4004 ಮಾರುಕಟ್ಟೆಗೆ ಬಂದದ್ದು 1971ರಲ್ಲಿ. ಜಗತ್ತು ಅದನ್ನೇ ಮೊದಲ ಮೈಕ್ರೋಪ್ರೊಸೆಸರ್ ಎಂದು ಕೊಂಡಾಡಿತು. ಹೋಲ್ಟ್ ತಮ್ಮ ಕೆಲಸದ ಬಗ್ಗೆ ಬರೆದ ಪ್ರಬಂಧ ಬೆಳಕು ಕಾಣಲು 1998ರವರೆಗೆ ಕಾಯಬೇಕಾಯಿತು. ಮೊದಲನೆಯದು ಯಾವುದೆಂಬ ವಾದ ಇಂದಿಗೂ ನಡೆಯುತ್ತದೆ. ವಾದ ನಡೆಸಲು ಸಾಧ್ಯವಾಗಿರುವುದೇ ಯಾರೋ ಆ ಕಾಗದಗಳನ್ನು ಸುಡದೆ ಇಟ್ಟದ್ದರಿಂದ.

ಈಗ ನಮ್ಮ ಅಂಗಳಕ್ಕೆ ಬರೋಣ. ಜಾಗ್ವಾರ್ ಯುದ್ಧವಿಮಾನ 1979ರಲ್ಲಿ ಭಾರತಕ್ಕೆ ಬಂತು. ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ನೂರಕ್ಕೂ ಹೆಚ್ಚು ತಯಾರಾದವು. ಅದನ್ನು ಹುಟ್ಟುಹಾಕಿದ ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ ಕೈಬಿಟ್ಟವು. ಇಂದು ಅದನ್ನು ಹಾರಿಸುವ ದೇಶ ಭಾರತ ಒಂದೇ. ಕಾರ್ಖಾನೆಗಳು ಮುಚ್ಚಿದ ಮೇಲೆ ಬಿಡಿಭಾಗ ಬರಬೇಕಾದದ್ದು ಬೇರೆಯವರ ನಿವೃತ್ತ ವಿಮಾನಗಳ ಒಡಲಿನಿಂದ. 2018ರ ಹೊತ್ತಿಗೆ ಫ್ರಾನ್ಸ್ 31 ಹಳೆಯ ಜಾಗ್ವಾರ್ ಒಡಲುಗಳನ್ನು ಉಚಿತವಾಗಿ ಕೊಡಲು ಮುಂದಾಯಿತು, ಸಾಗಣೆಯ ಖರ್ಚು ನಮ್ಮದು. ಇಲ್ಲಿ ಬಿಚ್ಚುವವರ ಉದ್ದೇಶ ನಾಶವಲ್ಲ, ಕೊಯ್ಲು. ಆದರೂ ಕೆಲಸದ ಶಿಸ್ತು ಅದೇ. ಯಾವ ವಿಮಾನದಿಂದ ಯಾವ ಭಾಗ ಬಂತು, ಅದು ಎಷ್ಟು ಗಂಟೆ ಹಾರಿದೆ, ಯಾವ ಮಾರ್ಪಾಡು ಕಂಡಿದೆ ಎಂಬ ದಾಖಲೆಯಿಲ್ಲದ ಭಾಗವನ್ನು ಯಾವ ಎಂಜಿನಿಯರೂ ಪೈಲಟ್ ಕೂತ ವಿಮಾನಕ್ಕೆ ಜೋಡಿಸುವುದಿಲ್ಲ. ದಾಖಲೆ ಕಳೆದುಹೋದ ದಿನ ಲಕ್ಷಾಂತರ ರೂಪಾಯಿಯ ಭಾಗ ಕಬ್ಬಿಣದ ತೂಕಕ್ಕೆ ಇಳಿಯುತ್ತದೆ.

ಜಾಗ್ವಾರ್‌ಗೆ ಭಾರತದಲ್ಲೇ ‘ಡಾರಿನ್’ ಹೆಸರಿನ ನ್ಯಾವಿಗೇಷನ್ ಮತ್ತು ದಾಳಿ ವ್ಯವಸ್ಥೆ ಜೋಡಿಸಲಾಯಿತು. ಅದು ಒಂದು, ಎರಡು, ಮೂರು ಎಂದು ತಲೆಮಾರುಗಳನ್ನು ಕಂಡಿದೆ. ಪೆಟ್ಟಿಗೆಗಳು ಬದಲಾದಾಗಲೆಲ್ಲ ಅವುಗಳನ್ನು ಪರೀಕ್ಷಿಸುವ ಪ್ರೋಗ್ರಾಂ, ಅಡಾಪ್ಟರ್‌ಗಳೂ ಬದಲಾಗಲೇಬೇಕು. ವಿಮಾನ ಇನ್ನೂ ಸೇವೆಯಲ್ಲಿರುವಾಗಲೇ ಅದರ ಟೆಸ್ಟರ್‌ಗಳು ಕಂಡಂ ಆಗುವ ವಿಚಿತ್ರ ಪರಿಸ್ಥಿತಿ ಇದು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿದಾಯ ಪಡೆದಾಗ ಇಡೀ ದೇಶ ಭಾವುಕವಾಯಿತು. 62 ವರ್ಷ ದುಡಿದ ವಿಮಾನ ಅದು. ಅದರ ಜೊತೆ ದುಡಿದ ಬೆಂಚುಗಳ ಮುಂದೆ ಕುಳಿತಿದ್ದ ತಂತ್ರಜ್ಞರನ್ನು ಅಂದು ನೆನೆದವರು ಕಡಿಮೆ.

ಎಚ್‌ಎಎಲ್ ತಾನೇ ವಿನ್ಯಾಸಗೊಳಿಸಿದ ಎಚ್‌ಎಫ್-24 ಮರುತ್ 1961ರಲ್ಲಿ ಬೆಂಗಳೂರಿನ ಆಕಾಶದಲ್ಲಿ ಮೊದಲ ಬಾರಿ ಹಾರಿತ್ತು. ಇಂದು ನಗರದ ಎಚ್‌ಎಎಲ್ ಪಾರಂಪರಿಕ ಕೇಂದ್ರದಲ್ಲಿ ಮಕ್ಕಳು ಅದನ್ನು ನೋಡಬಹುದು. ಒಂದು ಮರುತ್ ಜರ್ಮನಿಯ ಮ್ಯೂಸಿಯಂನಲ್ಲೂ ಇದೆ, ಏಕೆಂದರೆ ಅದರ ವಿನ್ಯಾಸದ ಮುಂದಾಳು ಕುರ್ಟ್ ಟ್ಯಾಂಕ್ ಜರ್ಮನಿಯವರು. ಒಡಲು ಉಳಿದರೆ ವಿಮಾನದ ಆಕಾರ ಉಳಿಯುತ್ತದೆ. ಅದನ್ನು ದಿನವೂ ಹಾರುವ ಸ್ಥಿತಿಯಲ್ಲಿಟ್ಟ ಕೆಲಸದ ಕುರುಹು ಉಳಿಯಬೇಕಾದರೆ ಒಂದಾದರೂ ಟೆಸ್ಟ್ ಬೆಂಚು, ನೆನಪಿನ ಚಿಪ್‌ಗಳನ್ನು ಕಿತ್ತು, ಗುಪ್ತ ಕಾರ್ಡುಗಳ ಜಾಗದಲ್ಲಿ ಖಾಲಿ ಹಲಗೆ ಕೂರಿಸಿ, ಪಕ್ಕದಲ್ಲಿ ಅದರ ಪೂರ್ತಿ ಪಟ್ಟಿಯೊಂದಿಗೆ ಪ್ರದರ್ಶನಕ್ಕೆ ಬರಬೇಕು. ಅಮೆರಿಕದ 2008ರ ಕಾನೂನು ಮ್ಯೂಸಿಯಂಗಳಿಗೆ ಕೊಟ್ಟ ವಿನಾಯಿತಿಯಂಥದ್ದೇ ಒಂದು ಬಾಗಿಲು ಇಲ್ಲೂ ತೆರೆದರೆ ಅದು ಕಷ್ಟವಲ್ಲ. ಮಿಗ್-21ರ ಬೆಂಚುಗಳಲ್ಲಿ ಕೆಲಸ ಮಾಡಿದವರಲ್ಲಿ ಹಲವರು ನಿವೃತ್ತಿಯ ಅಂಚಿನಲ್ಲಿದ್ದಾರೆ. ಯಾವ ಕಾರ್ಡಿನ ಮೇಲೆ ಯಾರು, ಯಾಕೆ ಆ ಜಂಪರ್ ತಂತಿ ಹಾಕಿದರು ಎಂದು ಹೇಳಬಲ್ಲವರು ಅವರು. ಪಟ್ಟಿ ಮಾಡುವ ಕೆಲಸಕ್ಕೆ ಅವರನ್ನು ಈಗಲೇ ಕರೆದು ಕೂರಿಸಿಕೊಳ್ಳಬೇಕು.